ಬಾಣಂತಿ ಮನೆಯ ಹಿಂದೆ ಕೂಗಿದ ಗೂಬೆ

ಮೂರು ವರ್ಷಗಳ ಹಿಂದಿನ ಮಾಘಮಾಸ. ಆಗ ನಾನು ತುಮಕೂರು ಸೀಮೆಯ ಗೂಬೆ ಸಮೀಕ್ಷೆಯೊಂದಕ್ಕೆ ಕ್ಷೇತ್ರ ಮೇಲ್ವಿಚಾರಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸರಳ. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದು ಕಳುಹಿಸುವ ಸ್ವಯಂಸೇವಕ ಇಂಟರ್ನ್‌ಗಳು ಗುಬ್ಬಿಯ ತೆಂಗಿನ ತೋಟಗಳಲ್ಲಿ, ಕುಣಿಗಲ್ ಕೆರೆಯ ಹಿಂಬದಿಯಲ್ಲಿ, ದೇವರಾಯನದುರ್ಗದ ತಪ್ಪಲಿನಲ್ಲಿ ದಾರಿ ತಪ್ಪದಂತೆ, ಹಾಳುಬಾವಿಗೆ ಬೀಳದಂತೆ, ಊರವರ ಕೈಗೆ ಸಿಕ್ಕಿ ಕಳ್ಳರೆನಿಸಿಕೊಳ್ಳದಂತೆ ನೋಡಿಕೊಳ್ಳುವುದು. ಅದಕ್ಕೂ ಮೊದಲು ನಾನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ, ಮೇಸ್ತ್ರಿಯಾಗಿ ನಿವೃತ್ತನಾದವನು. ಶಾಲೆಯ ಓದು ಹತ್ತನೇ ತರಗತಿಗೆ ನಿಂತಿತು. ಹಕ್ಕಿಗಳ ಪರಿಚಯವಾದದ್ದು ಕಂಬದ ಮೇಲೆ. ಅವುಗಳ ಹೆಸರು ತಿಳಿದದ್ದು ಗುಬ್ಬಿಯ ಗ್ರಂಥಾಲಯದಿಂದ ಎರವಲು ತಂದ ಪುಸ್ತಕಗಳಲ್ಲಿ.

‘ಲೈನ್ ಆಫ್ ಆಗಿದೆ, ಹತ್ತಪ್ಪ’ ಎಂಬ ಕೆಳಗಿನವರ ಮಾತನ್ನು ನಂಬಿ ಹತ್ತಿ, ಇಳಿಯದೇ ಹೋದ ಸಹೋದ್ಯೋಗಿಗಳನ್ನು ನಾನು ಕಂಡಿದ್ದೇನೆ. ಹಾಗಾಗಿ ಹೇಳಿಕೆಯ ಮಾತನ್ನು ಒಪ್ಪುವುದು ನನ್ನ ಜಾಯಮಾನದಲ್ಲಿಲ್ಲ. ಅದು ಊರವರ ಮಾತಾಗಲಿ, ಅಧಿಕಾರಿಗಳ ಮಾತಾಗಲಿ, ಅಚ್ಚಾದ ಪುಸ್ತಕದ ಮಾತಾಗಲಿ. ಮನೆಯವರು ಇದನ್ನು ಹಟ ಎನ್ನುತ್ತಾರೆ. ನಾನು ಅದನ್ನೂ ಒಪ್ಪಿಲ್ಲ.

ಗೂಬೆ ಸಮೀಕ್ಷೆಯ ವಿಧಾನವನ್ನು ಮೊದಲೇ ಹೇಳಿಬಿಡುವುದು ಮೇಲು. ಗೂಬೆಯನ್ನು ಹುಡುಕುವುದು ಕಣ್ಣಿನ ಕೆಲಸವಲ್ಲ, ಕಿವಿಯ ಕೆಲಸ. ಪ್ರತಿ ಗೂಬೆಗೂ ತನ್ನದೆಂಬ ಒಂದು ಸೀಮೆಯಿರುತ್ತದೆ. ಅಲ್ಲಿ ಬೇರೊಂದು ಗೂಬೆಯ ದನಿ ಕೇಳಿದರೆ ಅದು ಸುಮ್ಮನಿರಲಾರದು. ಇದು ನನ್ನ ಜಾಗ ಎಂದು ಮರುಕೂಗು ಹಾಕುತ್ತದೆ. ಆದ್ದರಿಂದ ಇಂಟರ್ನ್‌ಗಳು ಮುಸ್ಸಂಜೆಯಲ್ಲಿ ನಕ್ಷೆಯ ಮೇಲೆ ಗುರುತಿಸಿದ ಒಂದೊಂದು ‘ಪಾಯಿಂಟ್’ಗೆ ಹೋಗಿ, ಮುದ್ರಿಸಿಕೊಂಡ ಕೂಗನ್ನು ಪುಟ್ಟ ಸ್ಪೀಕರಿನಲ್ಲಿ ಹಾಕಿ, ನಿಲ್ಲಿಸಿ, ಕಿವಿಗೊಟ್ಟು ಕಾಯುತ್ತಾರೆ. ಇದಕ್ಕೆ ‘ಪ್ಲೇಬ್ಯಾಕ್’ ಎಂದು ಹೆಸರು. ಮರುದನಿ ಬಾರದಿದ್ದರೆ ಒಂದೇ ದಿನಕ್ಕೆ ‘ಇಲ್ಲ’ ಎಂದು ತೀರ್ಮಾನಿಸುವಂತಿಲ್ಲ. ಅದೇ ಪಾಯಿಂಟಿಗೆ ಮೂರು ಸಂಜೆ ಹೋಗಿ ಅದೇ ರೀತಿ ಕೂಗಿಸಬೇಕು. ಮುಂದೆ ಆದದ್ದೆಲ್ಲವೂ ಈ ನಿಯಮದಿಂದಲೇ.

ಆ ವಾರ ಹೆಬ್ಬೂರಿನ ಕಡೆಯ ಪಾಯಿಂಟುಗಳನ್ನು ಇಬ್ಬರಿಗೆ ವಹಿಸಿದ್ದೆ. ಒಬ್ಬಳು ಸಹನಾ, ಕುಣಿಗಲ್ಲಿನ ಹುಡುಗಿ, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವಳು. ಮಾತು ಕಡಿಮೆ, ಛಲ ಹೆಚ್ಚು. ಇನ್ನೊಬ್ಬ ಇರ್ಫಾನ್, ತುಮಕೂರು ನಗರದವನು, ಬಿ.ಎಸ್ಸಿ. ಕೊನೆಯ ವರ್ಷ. ಅವನದು ಇದಕ್ಕೆ ತದ್ವಿರುದ್ಧ. ಅವರು ಹುಡುಕುತ್ತಿದ್ದದ್ದು ಕಾಡುಗೂಬೆಯನ್ನು. ಹಳೆಯ ಹುಣಸೆ, ಮಾವಿನ ತೋಪುಗಳಲ್ಲಿ ವಾಸಿಸುವ ಈ ಹಕ್ಕಿಯ ಕೂಗು ಕೇಳಿದವರಿಗೆ ಮರೆಯುವುದಿಲ್ಲ. ದೂರದಲ್ಲಿ ಯಾರೋ ಎದೆ ಬಡಿದುಕೊಂಡು ಅಳುತ್ತಿರುವಂತೆ ಅದು ನಡುಗುತ್ತ ಏರಿ, ನಡುಗುತ್ತಲೇ ಇಳಿಯುತ್ತದೆ. ವಿಷಯ ಬಲ್ಲ ನನಗೇ ಬೆನ್ನು ಜುಮ್ಮೆನ್ನುತ್ತದೆ.

ನಾನು ಗುಬ್ಬಿಯ ತಂಡದೊಂದಿಗಿದ್ದೆ. ಮೂರು ಸಂಜೆಯ ಕೆಲಸ ಮುಗಿದ ಮರುದಿನ ಮಧ್ಯಾಹ್ನ ಹೆಬ್ಬೂರಿನಲ್ಲಿ ಇವರಿಬ್ಬರನ್ನು ಸೇರಿಕೊಂಡೆ. ತೋಪಿನ ಪಕ್ಕದ ಪಾಯಿಂಟಿನಲ್ಲಿ ಮೂರು ಸಂಜೆಯೂ ಒಂದು ಮರುದನಿಯೂ ಬಂದಿರಲಿಲ್ಲವೆಂದು ಸಹನಾ ಬೇಸರದಿಂದ ಹೇಳಿದಳು. ಟೀ ಕುಡಿಯಲು ರಸ್ತೆಬದಿಯ ಹೋಟೆಲಿಗೆ ಹೋದೆವು. ಇರ್ಫಾನನ ಕೊರಳಲ್ಲಿದ್ದ ದುರ್ಬೀನು ನೋಡಿ ಹೋಟೆಲಿನವನು ಕೇಳಿದ:

“ಗೂಬೆ ಹುಡುಕೋಕೆ ಬಂದವ್ರು ನೀವೇನಾ? ಹಂಗಾರೆ ಬ್ಯಾರೆ ಕಡೆ ಯಾಕ್ ಅಲೀತೀರಿ? ನಮ್ ಶಿವಣ್ಣನ ಮನೆ ಮ್ಯಾಲೇ ಕೂತದೆ. ಮೂರ್ ದಿನದಿಂದ ಒಂದೇ ಸಮ ಕೂಗ್ತಾ ಅದಂತೆ. ಇವತ್ತು ಮನೆ ಬುಡ್ತಾವ್ರೆ ಪಾಪ.”

ಬೆಂಚಿನ ಮೇಲಿದ್ದವನೊಬ್ಬ ದನಿಗೂಡಿಸಿದ: “ಬಿಳೀದು ಕಣಣ್ಣ. ಆರ್ ತಿಂಗಳ ಮಗಿನ ಗಾತ್ರ.”

“ನೀವು ನೋಡಿದ್ರಾ?” ಎಂದೆ.

“ನಾನ್ಯಾಕ್ ನೋಡ್ಲಿ ಅದ್ನ? ನಮ್ ಚಿಕ್ಕಪ್ಪನ ಮಗ ನೋಡವ್ನೆ.”

“ಅವರೆಲ್ಲಿದಾರೆ?”

“ಅವ್ನು ನೆಲಮಂಗಲದಲ್ಲವ್ನೆ, ಫ್ಯಾಕ್ಟ್ರೀಲಿ. ಊರಿಗ್ ಬಂದೇ ಮೂರ್ ತಿಂಗಳಾತು.”

ಇರ್ಫಾನ್ ಲೋಟ ಕೆಳಗಿಟ್ಟು ನಕ್ಕ. “ಸಾರ್, ನಾವು ಅಲ್ಲಿ ಕತ್ತು ನೋವು ಬರೋ ತನ್ಕ ಕಾದು ಜೀರೋ ಅಂತ ಬರ್ಕೊಂಡ್ವಿ. ಅದು ಇವರ ಮನೆ ಮೇಲೆ ಕೂತು ನಮ್ಮನ್ನ ನೋಡ್ಕೊಂಡು ಮಜಾ ತಗೊಂಡಿದೆ!” ಸಹನಾಳ ಮುಖವೂ ಅರಳಿತ್ತು. ನನಗೆ ಮಾತ್ರ ಟೀ ರುಚಿಸಲಿಲ್ಲ. ಗೂಬೆ ಇದ್ದರೆ ಮರುದನಿ ಯಾಕೆ ಬರಲಿಲ್ಲ? ಇಲ್ಲದಿದ್ದರೆ ಇವರಿಗೆ ಕೇಳಿಸಿದ್ದು ಏನು? ಎರಡೂ ಹೇಳಿಕೆಗಳು ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲವೆಂಬ ಯೋಚನೆ ಒಳಗೇ ಕೊರೆಯತೊಡಗಿತು. ಮನೆಯನ್ನೇ ನೋಡಿಬರೋಣವೆಂದು ಎದ್ದೆ.

ಶಿವಣ್ಣನ ಮನೆ ಊರಾಚೆ, ರಾಗಿ ಹೊಲ ದಾಟಿ ತೆಂಗಿನ ತೋಟದೊಳಗೆ ಈಚೆಗೆ ಕಟ್ಟಿದ ತಾರಸಿ ಮನೆ. ಹಿಂದೆ ಒಂದು ಹಳೆಯ ಹುಣಸೆಮರ, ಅದರಾಚೆ ಲಂಟಾನ ಪೊದೆ, ಪೊದೆಯ ಮೇಲಕ್ಕೆ ಚಾಚಿದ ಒಂದು ಬಂಡೆ. ಅಂಗಳದಲ್ಲಿ ಚಾಪೆ, ಹಾಸಿಗೆ, ಪಾತ್ರೆ, ಗ್ಯಾಸ್ ಸಿಲಿಂಡರು, ಮಗುವಿನ ಸೊಳ್ಳೆಪರದೆ ಎಲ್ಲವೂ ಹೊರಗಿದ್ದವು. ಮೂಲೆಯಲ್ಲಿ ಮುಳ್ಳಿನ ಕಂಟಿ ಕಡಿದು ತಂದಿಟ್ಟಿದ್ದರು. ಗೂಬೆ ಕೂತ ಮನೆಯನ್ನು ಬಿಟ್ಟು, ಬಾಗಿಲಿಗೆ ಮುಳ್ಳು ಹಾಕಿ, ಐನೋರು ಹೇಳಿದಷ್ಟು ದಿನ ಅತ್ತ ಸುಳಿಯಬಾರದೆಂಬುದು ಈ ಕಡೆಯ ಹಳೆಯ ಪದ್ಧತಿ. ಐನೋರು ಮೂರು ತಿಂಗಳು ಹೇಳಿದ್ದರು. ಹುಣಸೆಮರ ಕಡಿಸಲು ಮರುದಿನ ಬೆಳಿಗ್ಗೆಗೆ ಆಳೂ ಗೊತ್ತಾಗಿತ್ತು.

ಮನೆಯ ಯಜಮಾನಿ ಶಿವಣ್ಣನ ತಾಯಿ ಸಿದ್ದಗಂಗಮ್ಮ. ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮಗನಿಗೆ ಒಂದೇ ಸಮನೆ ಆಜ್ಞೆ. ನಾವು ಬಂದ ಕಾರಣ ಕೇಳಿ ಅವರು ತಲೆಯಿಂದ ಕಾಲಿನವರೆಗೆ ಅಳೆದರು.

“ಗೂಬೆ ನೋಡೋಕ್ ಬಂದ್ರಾ? ಚೆನ್ನಾಗದೆ. ಮನೆಗೆ ಬೆಂಕಿ ಬಿದ್ರೆ ಚಳಿ ಕಾಯೋಕ್ ಬಂದಂಗೆ.”

“ಎಲ್ಲಿಗೆ ಹೋಗ್ತಿದೀರಿ ತಾಯಿ?” ಎಂದು ಕೇಳಿದೆ.

“ಇನ್ನೆಲ್ಲಿಗೆ? ಮೋಟರ್ ಮನೆಗೆ. ಗೂಬೆ ಕೂತ ಮನೆಯೋರ್ನ ಯಾರ್ ಒಳಗೆ ಕರ್ಕತಾರೆ? ಅಣ್ಣತಮ್ಮಂದ್ರೇ ಬಾಗ್ಲಲ್ಲಿ ನಿಲ್ಸಿ ಮಾತಾಡುಸ್ತಾವ್ರೆ.”

ಒಳಗಿನಿಂದ ಕೂಸು ಅಳುವ ಸದ್ದು ಕೇಳಿತು. ಸಿದ್ದಗಂಗಮ್ಮನವರ ಮಗಳು ಮಂಜುಳಾ ಹೆರಿಗೆಗೆ ತವರಿಗೆ ಬಂದಿದ್ದಳು. ಆಪರೇಷನ್ ಹೆರಿಗೆ, ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಅವಳು ತಲೆಗೆ ಉಣ್ಣೆಯ ಸ್ಕಾರ್ಫು ಬಿಗಿದು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. “ಅವ್ವ, ನಂಗೆ ಇಲ್ಲಿಂದ ಅಂಗಳಕ್ಕೇ ನಡಿಯೋಕ್ ಆಗ್ತಿಲ್ಲ. ಹೊಲದ ತನ್ಕ ಹೆಂಗೆ ಬರ್ಲಿ?” ಎಂದಳು. “ಅಣ್ಣ ಎತ್ಕೊಂಡ್ ಬರ್ತಾನೆ ಬುಡು. ಕೂಸು ಉಳಿಬೇಕೋ ಬ್ಯಾಡ್ವೋ?” ಎಂದರು ತಾಯಿ.

ಹೊಲದ ಪಂಪುಸೆಟ್ಟಿಗೆ ಕಟ್ಟುವ ಮೋಟರ್ ಮನೆಗಳನ್ನು ನಾನು ಬಲ್ಲೆ. ಶೀಟಿನ ಸೂರು, ಬಾಗಿಲಿಲ್ಲದ ಕಿಂಡಿ, ಇಲಿ, ಇಲಿಯ ಹಿಂದೆ ಹಾವು. ಗೋಡೆಯ ಮೇಲೆ ಮುಚ್ಚಳ ಕಳಚಿದ ಸ್ಟಾರ್ಟರ್ ಪೆಟ್ಟಿಗೆ. ನಡುರಾತ್ರಿ ತ್ರೀಫೇಸ್ ಕರೆಂಟು ಬಂದೊಡನೆ ಅದರಲ್ಲಿ ಕಿಡಿ. ಆ ಪೆಟ್ಟಿಗೆಯ ಕೆಳಗೆ, ಮಾಘದ ಚಳಿಯಲ್ಲಿ, ಹಸಿ ಬಾಣಂತಿ ಮತ್ತು ಎಳೆಗೂಸು ಮೂರು ತಿಂಗಳು ಮಲಗುವ ಚಿತ್ರ ಕಣ್ಣಿಗೆ ಕಟ್ಟಿ ನಾನು ಹುಣಸೆಮರದ ಕಡೆ ನಡೆದೆ. ಗೂಬೆ ದಿನವೂ ಕೂರುವ ಮರದಡಿ ಸುಣ್ಣ ಚೆಲ್ಲಿದಂತೆ ಹಿಕ್ಕೆ ಇರಬೇಕು. ಅದು ನುಂಗಿದ ಇಲಿಯ ಕೂದಲು ಮತ್ತು ಮೂಳೆಯ ಉಂಡೆಗಳು ಬಿದ್ದಿರಬೇಕು. ಅಲ್ಲಿ ಒಣಗಿದ ಹುಣಸೆ ಎಲೆಯ ಹೊರತು ಏನೂ ಇರಲಿಲ್ಲ.

ಹಿಂದಿರುಗಿ ಕೇಳಿದೆ: “ಹಕ್ಕೀನ ಕಣ್ಣಲ್ಲಿ ಕಂಡವರು ಯಾರಾದ್ರೂ ಇದಾರಾ?”

“ಕಾಣೋದ್ಯಾಕೆ ಯಜಮಾನ್ರೇ? ಕಿವಿ ಇಲ್ವಾ? ದೀಪ ಹಚ್ಚೋ ಹೊತ್ತಿಗೆ ಸರ್ಯಾಗಿ ಸುರು ಮಾಡ್ತದೆ. ಒಂದ್ ಸಲ ಅತ್ತು ಸುಮ್ಕಾಗ್ತದೆ. ಆಮೇಲೆ ಅದೇ ಜಾಗ, ಅದೇ ರಾಗ. ಮೂರ್ ದಿನವೂ ಹಿಂಗೇ. ಒಂದ್ ಚೂರು ಆಚೀಚೆ ಇಲ್ಲ.”

ಪಕ್ಕದಲ್ಲಿದ್ದ ಸಹನಾ ಬಂಡೆಯನ್ನೇ ನೋಡುತ್ತಿದ್ದಳು. ಬೇಲಿಯ ಆಚೆ ಬಂದ ಮೇಲೆ ಬಾಯಿಬಿಟ್ಟಳು: “ಸಾರ್, ಅದು ನಮ್ದೇ. ಆ ಬಂಡೆಯ ಆ ಕಡೆಯೇ ನಮ್ಮ ಪಾಯಿಂಟು. ನಾವು ತೋಪಿನ ದಾರೀಲಿ ಬರ್ತಿದ್ವಿ. ನಕ್ಷೇಲಿ ಇಲ್ಲಿ ಮನೇನೇ ಇಲ್ಲ.” ನಕ್ಷೆ ತಯಾರಿಸಿದ್ದು ಹಳೆಯ ಉಪಗ್ರಹ ಚಿತ್ರದ ಮೇಲೆ, ಮನೆ ಎದ್ದದ್ದು ಆಮೇಲೆ. ಇಬ್ಬರೂ ಮೂರು ಸಂಜೆ ಬಂಡೆಯಾಚೆ ನಿಂತು ತೋಪಿನ ಕಡೆಗೆ ಕಿವಿಯಿಟ್ಟು ‘ಇಲ್ಲ’ ಎಂದುಕೊಂಡಿದ್ದರು. ಬಂಡೆಯ ಈಚೆ ಒಂದು ಮನೆ ‘ಇದೆ’ ಎಂದು ನಡುಗಿತ್ತು.

ಇರ್ಫಾನನ ನಗೆ ಇಂಗಿತು. ಸಹನಾ ಬೆಂಗಳೂರಿನಲ್ಲಿದ್ದ ಯೋಜನೆಯ ಮುಖ್ಯಸ್ಥೆಗೆ ಫೋನು ಮಾಡಿದಳು. ಅವರು ಕೆಟ್ಟವರಲ್ಲ, ಆದರೆ ಹೆದರಿದ್ದರು. ‘ಸ್ಪೀಕರಿನ ವಿಷಯ ಎತ್ತಬೇಡ. ಊರವರು ರೊಚ್ಚಿಗೇಳುತ್ತಾರೆ, ಅರಣ್ಯ ಇಲಾಖೆ ಅನುಮತಿ ಹಿಂದಕ್ಕೆ ತೆಗೆದುಕೊಂಡರೆ ಇಡೀ ಸಮೀಕ್ಷೆ ನಿಲ್ಲುತ್ತದೆ. ಗೂಬೆ ರೈತನ ಮಿತ್ರ, ಇಲಿ ತಿನ್ನುತ್ತದೆ ಎಂದು ತಿಳಿಸಿ ಹೇಳಿ ಬಾ’ ಎಂದರಂತೆ.

“ನೀವೇನಂತೀರಿ ಸಾರ್?” ಎಂದಳು ಸಹನಾ.

ನಾನು ಹೊಲದ ಬದುವಿನ ಮೇಲೆ ಅತ್ತಿಂದಿತ್ತ ನಡೆದೆ. ಬಿಸಿಲು ಇಳಿಯುತ್ತಿತ್ತು, ಶಿವಣ್ಣ ಮೊದಲ ಹೊರೆ ಹಾಸಿಗೆಯನ್ನು ಬೈಕಿಗೆ ಕಟ್ಟುತ್ತಿದ್ದ. ‘ರೈತನ ಮಿತ್ರ’ ಎಂಬುದೂ ಒಂದು ಕಂಠಪಾಠವೇ. ಆ ಪಾಠ ಕೇಳಿ ಯಾರೂ ಹಾಸಿಗೆ ಒಳಗೆ ಹಾಕಿದ್ದನ್ನು ನಾನು ಕಂಡಿಲ್ಲ. ಆದರೆ ಸಮೀಕ್ಷೆ ನಿಂತರೆ ಇಷ್ಟು ಮಕ್ಕಳ ದುಡಿಮೆ ಹಾಳು. ಯಾವ ಕಡೆ ತಿರುಗಿದರೂ ಕಾಲಿಗೆ ಮುಳ್ಳು. ಕೊನೆಗೆ ಸಹನಾಳೇ ನನ್ನ ಮಾತಿಗೆ ಕಾಯದೆ ಬೇಲಿ ದಾಟಿ ಒಳಗೆ ನಡೆದಳು. ನಾವಿಬ್ಬರೂ ಹಿಂಬಾಲಿಸಿದೆವು.

ಅವಳು ಸುತ್ತುಬಳಸಲಿಲ್ಲ. “ಅಜ್ಜಿ, ಅದು ಗೂಬೆಯಲ್ಲ. ನಾವು ಹಾಕಿದ ರೆಕಾರ್ಡು. ಬಂಡೆ ಹಿಂದೆ ನಿಂತು ನಾನೇ ಹಾಕಿದ್ದು” ಎಂದು ಹೇಳಿ ಚೀಲದಿಂದ ಸ್ಪೀಕರು ತೆಗೆದು ತೋರಿಸಿದಳು.

ಬೈಗುಳ ಬರುತ್ತದೆಂದು ಕಾದಿದ್ದೆ. ಬಂದದ್ದು ಅಪನಂಬಿಕೆ.

“ಟಿಫಿನ್ ಡಬ್ಬಿ ಹಂಗದೆ, ಇದು ಕೂಗ್ತಾ? ಒಳ್ಳೆ ಮನಸಿಂದ ಹೇಳ್ತಿದೀಯ ಕಣವ್ವ, ಬಾಣಂತಿ ಅಳ್ತಾಳೆ ಅಂತ. ಆದ್ರೆ ನನ್ ಕಿವಿ ಸುಳ್ಳು ಹೇಳ್ತದಾ?”

ಸಹನಾ ಅಲ್ಲೇ ಸ್ಪೀಕರು ಹಾಕಲು ಹೋದಳು. ಸಿದ್ದಗಂಗಮ್ಮ ಕೈ ಅಡ್ಡ ತಂದರು. “ಅಂಗಳದಲ್ಲಿ ಕೂಗಿಸ್ಬ್ಯಾಡ. ಇಲ್ಲಿ ಕೂಗಿದ್ರೆ ಏನ್ ಗೊತ್ತಾದಾತು? ನಾನ್ ಕೇಳಿದ್ದು ಅಲ್ಲಿಂದ, ದೀಪ ಹಚ್ಚೋ ಹೊತ್ತಲ್ಲಿ.” ಈ ವಾದಕ್ಕೆ ನಾನು ತಲೆದೂಗಿದೆ. ಪರೀಕ್ಷೆಯೆಂದರೆ ಹಾಗೆಯೇ ಇರಬೇಕು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಆದರೆ ಶಿವಣ್ಣ ಒಪ್ಪಲಿಲ್ಲ. “ಮೂರ್ ದಿನ ಕೂಗಿದ್ದು ಸಾಲ್ದು ಅಂತ ನಾಲ್ಕನೇ ದಿನ ನಾವೇ ಕರ್ಸಾನ? ಬ್ಯಾಡವ್ವ” ಎಂದ. ಆಗ ಬಾಗಿಲಿನಿಂದ ಮಂಜುಳಾ ಹೇಳಿದಳು: “ಹಾಕ್ಲಿ ಬುಡಣ್ಣ. ಮೋಟರ್ ಮನೇಲಿ ಸಾಯೋಕಿಂತ ಇಲ್ಲಿ ಕೇಳೋದೇ ವಾಸಿ.”

ಹೊತ್ತು ಮುಳುಗುವವರೆಗೆ ಹಾಸಿಗೆಗಳು ಅಂಗಳದಲ್ಲೇ ಉಳಿದವು. ಸಹನಾ ಸ್ಪೀಕರು ಹಿಡಿದು ಬಂಡೆಯ ಕಡೆ ಹೋದಳು. ದಾರಿಹೋಕರು ಸದ್ದಿಗೆ ಬೆದರದಂತೆ ಮೊದಲೇ ತಿಳಿಸಲು ಇರ್ಫಾನನನ್ನು ತೋಪಿನ ದಾರಿಗೆ ಕಳುಹಿಸಿದೆ. ಸಿದ್ದಗಂಗಮ್ಮ ದೇವರಿಗೆ ದೀಪ ಹಚ್ಚಿ, ಪ್ರತಿದಿನದಂತೆ ಹೊಸ್ತಿಲ ಬಳಿ ಕುಳಿತರು. ಶಿವಣ್ಣ ಕಂಬಕ್ಕೊರಗಿ ನಿಂತ. ನಾನು ಕೂರಲಾರದೆ, ನಿಲ್ಲಲಾರದೆ ತುಳಸಿಕಟ್ಟೆಯ ಸುತ್ತ ಸುಳಿದಾಡುತ್ತಿದ್ದೆ.

ಕೂಗು ಬಂತು. ಬಂಡೆಯ ಹಿಂದಿನಿಂದ, ನಡುಗುತ್ತ ಏರಿ, ನಡುಗುತ್ತ ಇಳಿಯಿತು. ಒಳಗೆ ಕೂಸು ಬೆಚ್ಚಿ ಅತ್ತಿತು. ಸಿದ್ದಗಂಗಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಎರಡನೆಯ ಸಲ ಕೂಗಿ ನಿಂತಾಗ ಕಣ್ಣು ತೆರೆದರು.

“ಇದೇಯ” ಎಂದರು. “ಇದೇ ಕಣೋ ಶಿವಣ್ಣ. ಒಂದ್ ಅಕ್ಷರ ಆಚೀಚೆ ಇಲ್ಲ.”

ಆ ಮಾತಿನ ಬೆನ್ನಿಗೇ ಇನ್ನೊಂದು ಕೂಗು ಕೇಳಿತು. ಬಂಡೆಯಿಂದಲ್ಲ, ದೂರದ ಮಾವಿನ ತೋಪಿನಿಂದ. ಸ್ಪೀಕರಿನ ಕೂಗಿಗಿಂತ ಒರಟು, ಗಟ್ಟಿ. ಕೊನೆಯಲ್ಲಿ ಒಂದು ನಡುಕ ಹೆಚ್ಚಾಗಿತ್ತು. ಇಡೀ ವಾರ ಎಲ್ಲರೂ ಕಾದಿದ್ದ ಮರುದನಿ. ಯಾವ ಸಮೀಕ್ಷಕನಿಗಾದರೂ ಕುಣಿಯಬೇಕೆನಿಸುವ ಗಳಿಗೆ. ನಾನು ನೋಡಿದ್ದು ಅಂಗಳದ ಹಾಸಿಗೆಗಳನ್ನು.

ಶಿವಣ್ಣ ತೋಪಿನ ಕಡೆ ನೋಡಿದ. ಅವನ ದನಿಯಲ್ಲಿ ಆಸೆಯಿತ್ತು. “ಆ ಹುಡ್ಗ ಅತ್ಲಾಗೇ ಹೋದ್ನಲ್ಲ ಯಜಮಾನ್ರೇ? ಅವನತ್ರನೂ ಒಂದ್ ಮೆಷಿನ್ ಅದೆ, ಅಲ್ವಾ?”

‘ಹೌದು’ ಎಂದರೆ ಸಾಕಿತ್ತು. ಹಾಸಿಗೆಗಳು ಒಳಗೆ ಹೋಗುತ್ತಿದ್ದವು, ಮರ ಉಳಿಯುತ್ತಿತ್ತು, ಯಾರಿಗೂ ನಷ್ಟವಿರಲಿಲ್ಲ. ಅಷ್ಟರಲ್ಲಿ ಲಂಟಾನ ಸರಿಸಿಕೊಂಡು ಸಹನಾ ಓಡಿಬಂದಳು. ಅವಳಿಗೂ ಎರಡೂ ಕೇಳಿಸಿದ್ದವು: ತೋಪಿನ ಕೂಗು, ಶಿವಣ್ಣನ ಪ್ರಶ್ನೆ. ಅವಳು ಬಾಗಿಲಲ್ಲಿದ್ದ ಮಂಜುಳಾಳನ್ನು ನೋಡಿದಳು.

“ಇಲ್ಲಣ್ಣ. ಮೆಷಿನ್ ಇರೋದು ಇದೊಂದೇ. ಅದು ನಿಜವಾದ್ದು.”

ಸಿದ್ದಗಂಗಮ್ಮ ಎದ್ದು ಅಂಗಳದ ಅಂಚಿನವರೆಗೆ ನಡೆದು, ತೋಪಿನ ಕತ್ತಲನ್ನೇ ನೋಡುತ್ತ ನಿಂತರು. ಇನ್ನೊಮ್ಮೆ ಅದು ಕೂಗಿತು, ಕೊಂಚ ಹತ್ತಿರದಿಂದ.

“ಮೂರ್ ದಿನವೂ ಇದು ಕೂಗಿರ್ಲಿಲ್ಲ” ಎಂದರು ಅವರು ನಿಧಾನವಾಗಿ. “ಮೊದ್ಲು ನಿಂದು ಕೂಗ್ತು. ಅದಕ್ಕೆ ಇದು ಓಗೊಡ್ತು. ನೀನ್ ಕರ್ದಿದ್ದಕ್ಕೆ ಬಂತು ಕಣವ್ವ. ನಮ್ಮನೆ ಮ್ಯಾಲೆ ಬಂದಿದ್ದಲ್ಲ.” ಮಗನತ್ತ ತಿರುಗಿದರು. “ಹಾಸಿಗೆ ಒಳಿಕ್ ಹಾಕ್ಲಾ. ಮಂಜು ಎಲ್ಲಿಗೂ ಹೋಗಾಕಿಲ್ಲ. ದೋಸ ಏನಾರ ಇದ್ರೆ ಈ ಹುಡ್ಗಿ ತಲೆ ಮ್ಯಾಲೆ. ಬಾರವ್ವ ಇಲ್ಲಿ, ನಿಂತ್ಕ. ನಿಂಗೂ ತಾಯಿ ಇರ್ತಾಳೆ, ಸುಮ್ಕೆ ಕಳ್ಸಾಕಾಯ್ತದಾ?”

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಪದವೀಧರೆ ಅಂಗಳದ ನಡುವೆ ಪೂರ್ವಕ್ಕೆ ಮುಖ ಮಾಡಿ ನಿಂತಳು. ಸಿದ್ದಗಂಗಮ್ಮ ಉಪ್ಪು, ಒಣಮೆಣಸಿನಕಾಯಿ, ಪರಕೆಕಡ್ಡಿ ಹಿಡಿದು ಅವಳನ್ನು ನಿವಾಳಿಸಿ, ಒಲೆಗೆ ಹಾಕಿದರು. ಘಾಟಿಗೆ ಎಲ್ಲರೂ ಕೆಮ್ಮಿದೆವು. ಅದೇ ಹೊತ್ತಿಗೆ ಇರ್ಫಾನ್ ಏದುಸಿರು ಬಿಡುತ್ತ ಬಂದು, “ಸಾರ್, ಕೇಳಿಸ್ತಾ? ನನ್ನ ತಲೆ ಮೇಲೇ ಕೂಗ್ತು!” ಎಂದ. “ಅಯ್ಯೋ, ಇವನ ತಲೆ ಮ್ಯಾಲಂತೆ! ನೀನೂ ನಿಂತ್ಕ ಬಾರಪ್ಪ” ಎಂದು ಅಜ್ಜಿ ಇನ್ನೊಂದು ಹಿಡಿ ಮೆಣಸಿನಕಾಯಿ ತಂದರು. ಒಳಗಿನಿಂದ ಮಂಜುಳಾ, “ನಗಿಸ್ಬ್ಯಾಡಿ ಕಣ್ರವ್ವ, ಹೊಲಿಗೆ ಹಿಡೀತದೆ” ಎಂದು ಕೂಗಿಕೊಂಡಳು.

ಮರುದಿನ ಮರ ಕಡಿಯಲು ಬಂದ ಆಳನ್ನು ಶಿವಣ್ಣ ವಾಪಸು ಕಳುಹಿಸಿದ. ನಡೆದದ್ದನ್ನು ಸಹನಾ ಅಂದೇ ಮುಖ್ಯಸ್ಥೆಗೆ ಪೂರ್ತಿ ಹೇಳಿದ್ದಳು. ಕೆಲವು ದಿನ ಹೆಬ್ಬೂರಿನ ಕಡೆಯ ಕೆಲಸ ನಿಂತಿತು. ಅರಣ್ಯ ಕಚೇರಿಗೆ ಹೋಗಿ ವಿವರಣೆ ಕೊಡಬೇಕಾಯಿತು. ಆಮೇಲೆ ಹೊಸ ನಿಯಮ ಬಂತು: ಸ್ಪೀಕರಿನ ದನಿ ಮುಟ್ಟುವಷ್ಟು ದೂರದ ಮನೆಗಳಿಗೆ ಹಗಲಿನಲ್ಲೇ ಹೋಗಿ, ಕೂಗು ಕೇಳಿಸಿ, ಒಪ್ಪಿಗೆ ಪಡೆದು ಬರಬೇಕು. ಬಾಣಂತಿ, ರೋಗಿಗಳಿರುವ ಮನೆಯ ಬಳಿ ಸ್ಪೀಕರು ಹಾಕುವಂತಿಲ್ಲ. ಇಂದಿಗೂ ಇಂಟರ್ನ್‌ಗಳಿಗೆ ನಾನು ಮೊದಲ ದಿನ ಕಲಿಸುವುದು ಇದನ್ನೇ.

ಆ ಪಾಯಿಂಟಿನ ಫಲಿತಾಂಶ ಮಾತ್ರ ವರದಿಯಲ್ಲಿ ‘ಕಾಡುಗೂಬೆ ಇದೆ’ ಎಂದು ಅಚ್ಚಾಯಿತು. ನಾನು ತಕರಾರು ತೆಗೆದೆ. ಆ ಹಕ್ಕಿ ಮೊದಲಿನಿಂದಲೂ ಆ ತೋಪಿನದೋ, ಅಥವಾ ಮೂರು ಸಂಜೆ ನಮ್ಮ ಸ್ಪೀಕರು ಕೂಗಿದ್ದರಿಂದ ತನ್ನ ಸೀಮೆಗೆ ಯಾರೋ ನುಗ್ಗಿದರೆಂದು ಎಲ್ಲಿಂದಲೋ ಬಂದದ್ದೋ? ಮರುದನಿ ಬಂದರೆ ‘ಇದೆ’ ಎಂದೇ ಲೆಕ್ಕ, ವಿಧಾನ ಹಾಗೇ ಇದೆ ಎಂದು ಉತ್ತರ ಬಂತು. ಸಿದ್ದಗಂಗಮ್ಮನವರ ದೋಷದ ಲೆಕ್ಕವನ್ನು ನಾನು ಒಪ್ಪುವವನಲ್ಲ. ಆದರೆ ‘ನೀನು ಕರೆದದ್ದಕ್ಕೆ ಬಂತು’ ಎಂಬ ಅವರ ಮಾತನ್ನು ತಳ್ಳಿಹಾಕಲು ನಮ್ಮ ವರದಿಯಲ್ಲಿ ಒಂದು ಸಾಲೂ ಇಲ್ಲ. ಬೇರೆಯವರ ಹೇಳಿಕೆಯನ್ನು ಪರೀಕ್ಷಿಸಲು ಹೋದವನು ಅಲ್ಲಿ ತನ್ನ ಸದ್ದು ಏನು ಮಾಡಿತೆಂಬುದನ್ನು ಮೊದಲು ಕೇಳಿಕೊಳ್ಳಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅದು, ಕಲಿಸಿ ನೆಮ್ಮದಿ ಕಿತ್ತುಕೊಂಡದ್ದೂ ಅದೇ.

ಈಗಲೂ ಮಾಘ ಬಂದರೆ ಕೆಲವು ಸಂಜೆ ಹೆಬ್ಬೂರಿನ ಬಸ್ಸು ಹಿಡಿದು ಹೋಗಿ, ಸ್ಪೀಕರಿಲ್ಲದೆ ಆ ಬಂಡೆಯ ಮೇಲೆ ಕೂರುತ್ತೇನೆ. ಕರೆಯದೆ ಅದು ಕೂಗುತ್ತದೆಯೇ ಎಂದು ತಿಳಿಯಬೇಕು. ಹೋದ ತಿಂಗಳು ಸಿದ್ದಗಂಗಮ್ಮ ಬೇಲಿಯ ಬಳಿ ನಿಂತು ಕೇಳಿದರು:

“ಏನ್ ಯಜಮಾನ್ರೇ, ಇನ್ನೂ ನಂಬಿಕೆ ಬರ್ಲಿಲ್ವಾ?”

“ಇಲ್ಲಮ್ಮ.”

“ಹಂಗಾರೆ ಮೈಗೇನಾರ ಹೊದ್ಕಂಡು ಕೂತ್ಕಳಿ, ಚಳಿ ಅದೆ” ಎಂದು ಹೇಳಿ ಅವರು ದೀಪ ಹಚ್ಚಲು ಒಳಗೆ ಹೋದರು.